ಸಣ್ಣ ಊರನ್ನು ಎರಡು ಸಲ ನೋಡಿ: ಒಬ್ಬರೇ ಹೊರಟವರಿಗೊಂದು ಮಾರ್ಗದರ್ಶಿ

ಬಸ್ಸಿನಿಂದ ಇಳಿದು ಹದಿನೈದು ನಿಮಿಷ ನಡೆದರೆ ಮುಗಿದೇ ಹೋಗುವಂಥ ಊರುಗಳಿರುತ್ತವೆ. ಒಂದು ಪೇಟೆ ಬೀದಿ, ಒಂದು ಚೌಕ, ಒಂದು ಸೇತುವೆ, ಬೆಟ್ಟದ ಬುಡದಲ್ಲೋ ನದಿಯ ದಂಡೆಯಲ್ಲೋ ಒಂದಷ್ಟು ಮನೆಗಳು. ದೊಡ್ಡ ಊರಿಗೆ ಹೋಗುವ ದಾರಿಯಲ್ಲಿ ಬಸ್ಸು ಬದಲಿಸುವುದಕ್ಕಷ್ಟೇ ಜನ ಅಲ್ಲಿ ಇಳಿಯುತ್ತಾರೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಒಂದು ಊರಿನಲ್ಲಿ ಇಳಿದೆ. ಮುಂದಿನ ಬಸ್ಸು ರದ್ದಾಗಿತ್ತು. ಮರುದಿನ ಮಧ್ಯಾಹ್ನದವರೆಗೆ ಬೇರೆ ದಾರಿ ಇರಲಿಲ್ಲ. ಸಂಜೆ ಊರೆಲ್ಲ ಒಂದು ಸುತ್ತು ಹಾಕಿ, ಇಲ್ಲಿ ನೋಡುವಂಥದ್ದು ಏನೂ ಇಲ್ಲ ಎಂದುಕೊಂಡು ಮಲಗಿದೆ.

ಬೆಳಿಗ್ಗೆ ಬೇರೇನೂ ತೋಚದೆ ಮತ್ತೆ ಅದೇ ಬೀದಿಗೆ ಹೋದೆ. ಹಿಂದಿನ ಸಂಜೆ ಮುಚ್ಚಿದ್ದ ಬಾಗಿಲುಗಳು ತೆರೆದಿದ್ದವು. ನೆರಳಲ್ಲಿದ್ದ ಗೋಡೆಯ ಮೇಲೆ ಬಿಸಿಲು ಬಿದ್ದು, ಬಣ್ಣದ ಪದರದ ಅಡಿಯಿಂದ ಯಾವುದೋ ಕಾಲದ ಅಂಗಡಿಯ ಹೆಸರು ಅರ್ಧ ಕಾಣುತ್ತಿತ್ತು. ನಿನ್ನೆ ನನ್ನನ್ನು ನೋಡಿಯೂ ನೋಡದಂತಿದ್ದ ಒಬ್ಬ ಹೆಂಗಸು "ಬಸ್ಸು ಸಿಗಲಿಲ್ವಾ?" ಎಂದು ಕೇಳಿದರು. ಮಧ್ಯಾಹ್ನದ ಬಸ್ಸು ಬಂದಾಗ ನಾನು ಹತ್ತಲಿಲ್ಲ.

ಆಮೇಲೆ ಒಬ್ಬಳೇ ಇಂಥ ಎಷ್ಟೋ ಊರುಗಳಲ್ಲಿ ಉಳಿದಿದ್ದೇನೆ. ಸಣ್ಣ ಊರು ತನ್ನ ಸೊಗಸನ್ನು ತೋರಿಸುವುದು ಎರಡನೇ ಸಲ ಬಂದವರಿಗೆ ಎಂಬುದು ಎಲ್ಲ ಕಡೆಯೂ ಮತ್ತೆ ಮತ್ತೆ ಖಾತ್ರಿಯಾಗಿದೆ. ಎರಡನೇ ಸಲ ಎಂದರೆ ಮುಂದಿನ ವರ್ಷ ಎಂದೇನೂ ಅಲ್ಲ. ಮಾರನೇ ದಿನವೇ ಅದೇ ಬೀದಿಗೆ, ಅದೇ ಬೆಂಚಿಗೆ, ಅದೇ ಜನರ ಹತ್ತಿರ ಹೋಗುವುದು. ಕೆಳಗಿನ ಹಂತಗಳೆಲ್ಲ ಆ ಎರಡನೇ ಸಲಕ್ಕೆ ಜಾಗ ಮಾಡಿಕೊಳ್ಳುವುದು ಹೇಗೆ ಎಂಬುದರ ಬಗ್ಗೆಯೇ.

ಹಂತ 1: ಎರಡು ರಾತ್ರಿ ತೆಗೆದಿಡಿ

ಇದೊಂದನ್ನು ಪಾಲಿಸದಿದ್ದರೆ ಮುಂದಿನದ್ದು ಯಾವುದೂ ಕೈಗೂಡುವುದಿಲ್ಲ. ಬೆಳಿಗ್ಗೆ ಬಂದು ಸಂಜೆ ಹೊರಟರೆ ನಿಮಗೆ ಸಿಗುವುದು ಊರಿನ ಒಂದು ಹೊತ್ತು ಮಾತ್ರ. ಒಂದು ರಾತ್ರಿ ಉಳಿದರೂ ಅರ್ಧ ಮನಸ್ಸು ಬರುವುದರಲ್ಲಿ, ಇನ್ನರ್ಧ ಹೊರಡುವುದರಲ್ಲಿ ಹೋಗುತ್ತದೆ. ಎರಡು ರಾತ್ರಿ ಇದ್ದರೆ ನಡುವೆ ಒಂದು ಇಡೀ ದಿನ ಉಳಿಯುತ್ತದೆ. ಅವತ್ತು ಎಲ್ಲಿಂದಲೂ ಬರುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಊರು ಕಣ್ಣಿಗೆ ಬೀಳುವುದು ಆ ದಿನ.

ಮೂರು ಊರುಗಳನ್ನು ಮೂರು ದಿನದಲ್ಲಿ ಮುಗಿಸುವ ಯೋಜನೆ ಹಾಕಿದ್ದರೆ ಎರಡನ್ನು ಕೈಬಿಡಿ. ಯಾವ ಎರಡು ಎಂದು ಬಹಳ ಯೋಚಿಸಬೇಕಾಗಿಲ್ಲ.

ಹಂತ 2: ನಡೆದು ದಾಟಬಹುದಾದ ಊರನ್ನು ಆರಿಸಿ

ಜನಸಂಖ್ಯೆಗಿಂತ ಅಳತೆ ಮುಖ್ಯ. ನಡುವಿನ ಚೌಕದಿಂದ ಊರಿನ ಅಂಚಿಗೆ ಎರಡು ಕಿಲೋಮೀಟರ್ ಮೀರದಿದ್ದರೆ ಒಳ್ಳೆಯದು. ಸಾಧಾರಣ ನಡಿಗೆಯಲ್ಲಿ ಗಂಟೆಗೆ ಐದು ಕಿಲೋಮೀಟರ್ ಸಾಗಬಹುದು, ಅಂದರೆ ಊರಿನ ಯಾವ ಮೂಲೆಯಿಂದಲೂ ಅರ್ಧ ಗಂಟೆಯೊಳಗೆ ಕೋಣೆಗೆ ವಾಪಸಾಗಬಹುದು. ಬೆಟ್ಟದ ಮೇಲಿನ ಊರಾದರೆ ಲೆಕ್ಕ ಬೇರೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನೂರು ಮೀಟರ್ ಎತ್ತರದ ಗುಡ್ಡದ ಮೇಲೆ ಕೋಣೆ ಹಿಡಿದಿದ್ದರೆ ಪ್ರತಿ ಸಲ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಧ್ಯಾಹ್ನ ಒಮ್ಮೆ ಹತ್ತಿದ ಮೇಲೆ ಸಂಜೆ ಮತ್ತೆ ಇಳಿಯುವ ಮನಸ್ಸೇ ಆಗುವುದಿಲ್ಲ. ಎರಡನೇ ಸಲ ಅಲ್ಲಿಗೇ ತಪ್ಪಿಹೋಗುತ್ತದೆ. ಅದಕ್ಕೇ ಕೋಣೆ ಊರಿನ ನಡುವೆ ಇರಲಿ, ಸ್ವಲ್ಪ ಗದ್ದಲವಿದ್ದರೂ ಚಿಂತೆಯಿಲ್ಲ.

ಪ್ರಸಿದ್ಧ ಸ್ಮಾರಕ ಇರಲೇಬೇಕೆಂದಿಲ್ಲ. ಒಂದೇ ಒಂದು ಪ್ರಸಿದ್ಧ ವಸ್ತು ಇರುವ ಊರಿಗಿಂತ ಏನೂ ಇಲ್ಲದ ಊರೇ ನನಗೆ ಹೆಚ್ಚು ಇಷ್ಟ. ಪ್ರಸಿದ್ಧ ವಸ್ತು ಇದ್ದಲ್ಲಿ ಎಲ್ಲರೂ ನಿಮ್ಮನ್ನು ಅತ್ತ ಕೈ ತೋರಿಸಿ ಕಳಿಸಿಬಿಡುತ್ತಾರೆ. ನಿಧಾನವನ್ನೇ ತಮ್ಮ ಹೆಮ್ಮೆ ಮಾಡಿಕೊಂಡ ಊರುಗಳೂ ಇವೆ. 1999ರಲ್ಲಿ ಇಟಲಿಯಲ್ಲಿ ಶುರುವಾದ ಚಿತ್ತಾಸ್ಲೋ ಎಂಬ ಕೂಟಕ್ಕೆ ಸೇರಲು ಊರಿನ ಜನಸಂಖ್ಯೆ 50,000 ಮೀರಿರಬಾರದು. ಅದರ ಗುರುತು ಬೆನ್ನ ಮೇಲೆ ಊರನ್ನೇ ಹೊತ್ತ ಒಂದು ಬಸವನಹುಳು. ಆ ಪಟ್ಟಿಯಲ್ಲಿ ಇಲ್ಲದ ಸಾವಿರಾರು ಊರುಗಳೂ ಅಷ್ಟೇ ನಿಧಾನವಾಗಿವೆ, ಅವಕ್ಕೆ ಅದೊಂದು ವಿಶೇಷ ಎಂದು ಗೊತ್ತಿಲ್ಲ, ಅಷ್ಟೆ.

ಹಂತ 3: ನಕ್ಷೆ ನೋಡಿ, ಫೋಟೋ ನೋಡಬೇಡಿ

ಹೊರಡುವ ಮುಂಚೆ ಆ ಊರಿನ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಫೋನು ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಂಡು ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ನಕ್ಷೆ ಫೋನಿನಲ್ಲೇ ಇದ್ದರೆ ನೀಲಿ ಚುಕ್ಕೆ ದಾರಿ ತಪ್ಪುವುದಿಲ್ಲ. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಅಂತರ್ಜಾಲ ನಕ್ಷೆ ಸಣ್ಣ ಊರುಗಳಿಗೆ ಬಹಳ ಸಲ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಅದನ್ನು ಬರೆಯುವವರು ಸ್ವಯಂಸೇವಕರು. ಆಸಕ್ತಿಯಿರುವ ಯಾರಾದರೂ ಆ ಊರಿನಲ್ಲಿ ಓಡಾಡಿದ್ದರೆ ಕಾಲುದಾರಿ, ಮೆಟ್ಟಿಲು, ಬೆಂಚು, ಕುಡಿಯುವ ನೀರಿನ ನಲ್ಲಿಗಳನ್ನೂ ಗುರುತು ಹಾಕಿರುತ್ತಾರೆ.

ಫೋಟೋಗಳನ್ನು ಮಾತ್ರ ಆದಷ್ಟು ದೂರ ಇಡಿ. ನಲವತ್ತು ಚಿತ್ರ ನೋಡಿಕೊಂಡು ಹೋದರೆ ಅಲ್ಲಿ ಆ ನಲವತ್ತನ್ನೇ ಹುಡುಕುತ್ತೀರಿ.

ಹಂತ 4: ಮೊದಲ ಸಂಜೆ ಊರಿನ ಹಂದರ ಹಿಡಿಯಿರಿ

ಕತ್ತಲಾಗುವ ಮುಂಚೆ ತಲುಪಿ. ಒಬ್ಬರೇ ಹೋಗುವವರಿಗೆ, ಅದರಲ್ಲೂ ಹೆಂಗಸರಿಗೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಹಗಲಲ್ಲಿ ಒಮ್ಮೆ ಕಂಡ ಬೀದಿ ರಾತ್ರಿ ಹೆದರಿಸುವುದಿಲ್ಲ. ಚೀಲ ಕೋಣೆಯಲ್ಲಿಟ್ಟು ಒಂದು ಗಂಟೆ ಹೊರಗೆ ನಡೆಯಿರಿ. ಈ ಸುತ್ತಿನಲ್ಲಿ ಏನನ್ನೂ ಮೆಚ್ಚಬೇಕಾಗಿಲ್ಲ, ಊರು ಹೇಗೆ ಹಬ್ಬಿದೆ ಎಂದು ತಿಳಿದರೆ ಸಾಕು.

ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಬೋಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್‌ಗಳಲ್ಲಿ ಜನರನ್ನು ಮಾತಾಡಿಸಿ, ಅವರ ತಲೆಯೊಳಗಿನ ಊರು ಐದು ಅಂಶಗಳಿಂದ ಕಟ್ಟಿಕೊಂಡಿರುತ್ತದೆ ಎಂದು 1960ರಲ್ಲಿ ಬರೆದರು: ದಾರಿಗಳು, ಅಂಚುಗಳು, ಕೇರಿಗಳು, ಕೂಡುಜಾಗಗಳು, ಗುರುತುಗಳು. ಮಹಾನಗರಗಳಿಗೆಂದು ಹೇಳಿದ ಈ ಮಾತು ಸಣ್ಣ ಊರಿನಲ್ಲಿ ಒಂದೇ ಸಂಜೆಗೆ ಕೈಗೆ ಸಿಗುತ್ತದೆ. ಹೆಚ್ಚು ಜನ ನಡೆಯುವ ದಾರಿ ಯಾವುದು? ಊರು ಎಲ್ಲಿ ನಿಲ್ಲುತ್ತದೆ, ನದಿಯ ಹತ್ತಿರವೋ, ಹಳಿಯ ಹತ್ತಿರವೋ, ಹೊಲದ ಹತ್ತಿರವೋ? ಜನ ನಿಂತು ಮಾತಾಡುವ ಜಾಗ ಎಲ್ಲಿದೆ? ಎಲ್ಲಿಂದ ನೋಡಿದರೂ ಕಾಣುವ ವಸ್ತು ಏನು? ಈ ಕೊನೆಯದು ಗೊತ್ತಾದರೆ ದಾರಿ ತಪ್ಪುವ ಭಯ ಹೋಗುತ್ತದೆ.

ರೈಲ್ವೆ ನಿಲ್ದಾಣವಿರುವ ಊರಾದರೆ ನಿಲ್ದಾಣ ಹಳೆಯ ಪೇಟೆಯಿಂದ ದೂರ ಇರುವುದನ್ನು ಗಮನಿಸಿ. ಹಳಿಗೆ ಸಮತಟ್ಟಾದ ನೆಲ ಬೇಕು, ಕಡಿದಾದ ಏರಿಳಿತ ಆಗದು. ರೈಲು ಬರುವ ಹೊತ್ತಿಗೆ ಊರಿನ ಒಳಗೆ ಜಾಗವೂ ಉಳಿದಿರಲಿಲ್ಲ. ಹಾಗಾಗಿ ಎಷ್ಟೋ ಕಡೆ ನಿಲ್ದಾಣ ಹೊರಗೇ ಉಳಿದು, ಅದಕ್ಕೂ ಪೇಟೆಗೂ ನಡುವೆ ನೇರವಾದ, ಅಗಲವಾದ ಹೊಸ ರಸ್ತೆಯೊಂದು ಹುಟ್ಟಿತು. ಆ ರಸ್ತೆಯಲ್ಲಿ ನಡೆಯುತ್ತಾ ಹೋದರೆ ಒಂದು ಕಡೆ ರಸ್ತೆ ಸಣ್ಣದಾಗಿ ಬಾಗತೊಡಗುತ್ತದೆ. ಹಳೆಯ ಊರು ಶುರುವಾಗುವುದು ಅಲ್ಲಿಂದ. ಆ ತಿರುವನ್ನು ನೆನಪಿಟ್ಟುಕೊಳ್ಳಿ, ನಾಳೆ ಕೆಲಸವಿದೆ.

ಹಂತ 5: ಒಂದು ಗಂಟೆ ಒಂದೇ ಕಡೆ ಕೂರಿ

ಮಾರನೇ ದಿನ ಬೆಳಿಗ್ಗೆ ನಡೆಯುವ ಮುಂಚೆ ಕೂರಿ. ಹಿಂದಿನ ಸಂಜೆ ಜನ ಸೇರುವುದನ್ನು ಕಂಡ ಜಾಗದಲ್ಲಿ ಬೆಂಚೋ ಮೆಟ್ಟಿಲೋ ಜಗಲಿಯೋ ಹುಡುಕಿ. ವಿಲಿಯಂ ವೈಟ್ ಎಂಬ ಸಂಶೋಧಕರು 1970ರ ದಶಕದಲ್ಲಿ ನ್ಯೂಯಾರ್ಕಿನ ಬಯಲು ಜಾಗಗಳಲ್ಲಿ ಕ್ಯಾಮೆರಾ ಇಟ್ಟು ಜನರನ್ನು ಗಮನಿಸಿದರು. ಅವರಿಗೆ ಸಿಕ್ಕ ಉತ್ತರ ಎಷ್ಟು ಸರಳವೆಂದರೆ, ಕೂರಲು ಜಾಗವಿರುವಲ್ಲಿ ಜನ ಕೂರುತ್ತಾರೆ, ಜನ ಇರುವಲ್ಲಿಗೆ ಇನ್ನಷ್ಟು ಜನ ಬರುತ್ತಾರೆ. ಖಾಲಿ, ಸುಂದರವಾದ ಉದ್ಯಾನಕ್ಕಿಂತ ನಾಲ್ಕು ಜನ ಕೂತಿರುವ ಒರಟು ಕಟ್ಟೆಯೇ ನಿಮಗೆ ಬೇಕಾದದ್ದು.

ಒಂದು ನೋಟ್‌ಬುಕ್ ಇರಲಿ. ಫ್ರೆಂಚ್ ಲೇಖಕ ಜಾರ್ಜ್ ಪೆರೆಕ್ 1974ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಚೌಕದಲ್ಲಿ ಮೂರು ದಿನ ಕೂತು, ಯಾರೂ ಗಮನಿಸದ್ದನ್ನೇ ಬರೆದುಕೊಂಡರು. ಹಾದುಹೋದ ಬಸ್ಸುಗಳ ಸಂಖ್ಯೆ, ಪಾರಿವಾಳಗಳು, ಕೈಚೀಲ ಹಿಡಿದವರು. ದೊಡ್ಡ ಕಟ್ಟಡಗಳ ಬಗ್ಗೆ ಬರೆದವರು ಸಾಕಷ್ಟಿದ್ದಾರೆ, ಏನೂ ನಡೆಯದಿದ್ದಾಗ ಏನು ನಡೆಯುತ್ತದೆ ಎಂಬುದು ಅವರ ಕುತೂಹಲ. ನೀವೂ ಅದನ್ನೇ ಮಾಡಿ. ಮೊದಲ ಹದಿನೈದು ನಿಮಿಷ ಬರೆಯಲು ಏನೂ ಸಿಗುವುದಿಲ್ಲ. ಇಪ್ಪತ್ತನೇ ನಿಮಿಷದ ಸುಮಾರಿಗೆ ಒಂದೇ ಸೈಕಲ್ಲು ಮೂರನೇ ಸಲ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ನಲವತ್ತನೇ ನಿಮಿಷಕ್ಕೆ ಆ ಸೈಕಲ್ಲಿನವನು ಯಾವ ಬಾಗಿಲಲ್ಲಿ ನಿಲ್ಲುತ್ತಾನೆ, ಯಾರು ಹೊರಗೆ ಬಂದು ಅವನ ಕೈಯಿಂದ ಏನು ತೆಗೆದುಕೊಳ್ಳುತ್ತಾರೆ ಎಂದು ಕಾಯುತ್ತಿರುತ್ತೀರಿ.

ಜೊತೆಯಲ್ಲಿ ಒಬ್ಬರಿದ್ದರೂ ಇದು ಕಷ್ಟ. ಜೊತೆಗಾರರಿಗೆ ಬೇಸರವಾಯಿತೇನೋ ಎಂದು ಎದ್ದುಬಿಡುತ್ತೇವೆ. ಒಬ್ಬರೇ ಇರುವುದರ ನಿಜವಾದ ಲಾಭ ಇಲ್ಲಿದೆ.

ಹಂತ 6: ಕಣ್ಣನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಆಮೇಲೆ ಸೂರಿನ ಎತ್ತರಕ್ಕೆ ಏರಿಸಿ

ಈಗ ಆ ತಿರುವಿನಿಂದ ಹಳೆಯ ಬೀದಿಗೆ ಹೋಗಿ. ಕಣ್ಣಿನ ಮಟ್ಟದಲ್ಲಿ ಅಂಗಡಿ ಬೋರ್ಡುಗಳಿರುತ್ತವೆ, ಅವು ಎಲ್ಲ ಊರಿನಲ್ಲೂ ಒಂದೇ ಥರ. ಹಳೆಯದು ಉಳಿದಿರುವುದು ಕೆಳಗೆ ಮತ್ತು ಮೇಲೆ.

ಕೆಳಗೆ ನೋಡಿದರೆ ಮನೆಯ ಮೆಟ್ಟಿಲಿನ ಕಲ್ಲು ನಡುವೆ ಸವೆದು ಬಟ್ಟಲಿನ ಹಾಗೆ ಆಗಿರುತ್ತದೆ. ಎರಡು ಮೆಟ್ಟಿಲುಗಳಲ್ಲಿ ಒಂದು ಮಾತ್ರ ಸವೆದಿದ್ದರೆ ಇನ್ನೊಂದನ್ನು ಈಚೆಗೆ ಹಾಕಿಸಿದ್ದಾರೆ ಎಂದರ್ಥ. ಬೀದಿಯ ಮೂಲೆಯಲ್ಲಿ ಗೋಡೆಗೆ ಒರಗಿದಂತೆ ಒಂದು ಗುಂಡಗಿನ ಮೋಟು ಕಲ್ಲು ನೆಟ್ಟಿದ್ದರೆ, ತಿರುಗುವಾಗ ಬಂಡಿಯ ಗಾಲಿ ಗೋಡೆಗೆ ಉಜ್ಜದಿರಲೆಂದು ಹಾಕಿದ್ದು ಅದು. ಅದರ ಮೇಲೆ ಕೈಯಾಡಿಸಿ. ಗಾಲಿಯ ಅಚ್ಚು ತಾಗಿ ತಾಗಿ ಆದ ಗೀರು ಒಂದೇ ಬದಿಗೆ ಇದ್ದರೆ ಬಂಡಿಗಳು ಹೆಚ್ಚಾಗಿ ಯಾವ ಕಡೆಯಿಂದ ಬರುತ್ತಿದ್ದವು ಎಂಬುದೂ ತಿಳಿಯುತ್ತದೆ. ಗೋಡೆಯಲ್ಲಿ ಕಬ್ಬಿಣದ ಬಳೆ ಹುದುಗಿದ್ದರೆ ಅಲ್ಲಿ ಪ್ರಾಣಿಗಳನ್ನು ಕಟ್ಟುತ್ತಿದ್ದಿರಬೇಕು. ನದಿಯ ಪಕ್ಕದ ಊರಿನಲ್ಲಿ ಯಾರೋ ಗೆರೆ ಎಳೆದು ಇಸವಿ ಬರೆದಿರುತ್ತಾರೆ, ನೆರೆ ಅಲ್ಲಿಯವರೆಗೆ ಏರಿತ್ತು ಎಂದು. ಆ ಗೆರೆಯ ಪಕ್ಕ ನಿಂತು, ನೀರು ನಿಮ್ಮ ಎಲ್ಲಿಗೆ ಬರುತ್ತಿತ್ತು ಎಂದು ನೋಡಿಕೊಳ್ಳಿ.

ಮೇಲೆ ನೋಡಿದರೆ ಕಟ್ಟಡದ ಹಣೆಯ ಮೇಲೆ ಕಟ್ಟಿಸಿದ ವರ್ಷ, ಹೊಸ ಬಣ್ಣ ಕಾಣದ ಎರಡನೇ ಮಹಡಿಯ ಕಿಟಕಿಗಳು, ಮುಚ್ಚಿಹೋದ ಅಂಗಡಿಯ ಮಾಸಿದ ಅಕ್ಷರಗಳು. ಮಾಸಿದ ಅಕ್ಷರ ಓದಬೇಕೆಂದರೆ ಬಿಸಿಲು ಗೋಡೆಗೆ ಓರೆಯಾಗಿ ಬೀಳುವ ಹೊತ್ತಿಗೆ ಬನ್ನಿ, ಇಲ್ಲವೇ ಮಳೆ ಬಂದು ಗೋಡೆ ನೆನೆದಾಗ.

ಹಂತ 7: ಒಂದು ವಸ್ತುವಿನ ನೆಪದಲ್ಲಿ ಮಾತು ಶುರು ಮಾಡಿ

ಸಂಕೋಚದವರಿಗೆ ಈ ಹಂತವೇ ಕಷ್ಟ. ನನಗೂ ಕಷ್ಟವೇ. ಆದರೆ ನಮ್ಮ ಸಂಕೋಚ ಹೇಳುವ ಭವಿಷ್ಯ ಬಹುಪಾಲು ಸುಳ್ಳು. ನಿಕೋಲಸ್ ಎಪ್ಲೀ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಸಂಶೋಧಕರು ಶಿಕಾಗೋದ ರೈಲು ಪ್ರಯಾಣಿಕರ ಮೇಲೆ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಅಪರಿಚಿತರ ಜೊತೆ ಮಾತಾಡಿದರೆ ಪ್ರಯಾಣ ಹಾಳಾಗುತ್ತದೆ ಎಂದೇ ಜನ ಊಹಿಸಿದ್ದರು. ನಿಜವಾಗಿ ಮಾತಾಡಿದವರ ಪ್ರಯಾಣ ಸುಮ್ಮನೆ ಕೂತವರದ್ದಕ್ಕಿಂತ ಹಿತವಾಗಿತ್ತು.

"ಇಲ್ಲಿ ನೋಡುವಂಥದ್ದು ಏನಿದೆ?" ಎಂದು ಕೇಳಬೇಡಿ. "ಏನೂ ಇಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಣ್ಣೆದುರಿಗಿರುವ ಒಂದು ವಸ್ತುವಿನ ಬಗ್ಗೆ ಕೇಳಿ. ಈ ಮರ ಯಾವಾಗಿನದು? ಆ ಬಾಗಿಲು ಯಾಕೆ ಅಷ್ಟು ಗಿಡ್ಡ? ಇಬ್ಬರು ಅಪರಿಚಿತರ ನಡುವೆ ಮೂರನೆಯದೊಂದು ವಸ್ತು ಇದ್ದರೆ ಮಾತು ತಾನಾಗಿ ಹುಟ್ಟುತ್ತದೆ ಎಂಬುದನ್ನು ಆಗಲೇ ಹೇಳಿದ ವಿಲಿಯಂ ವೈಟ್ ಕೂಡ ಗುರುತಿಸಿದ್ದರು.

ನನಗೆ ಸಿಕ್ಕ ಮೂರನೆಯ ವಸ್ತು ಗಡಿಯಾರ. ಬಸ್ಸು ರದ್ದಾದ ಅದೇ ಊರಿನಲ್ಲಿ ಚೌಕದ ನಡುವೆ ಒಂದು ಗಡಿಯಾರ ಗೋಪುರವಿತ್ತು. ಅದರ ಬುಡದ ಸಣ್ಣ ಬಾಗಿಲಿಗೆ ಬೀಗ ಹಾಕುತ್ತಿದ್ದ ವಯಸ್ಸಾದವರೊಬ್ಬರನ್ನು ಕೇಳಿದೆ, "ಇದು ಬ್ಯಾಟರಿಯಲ್ಲಿ ಓಡುತ್ತಾ?" ಅವರಿಗೆ ಸ್ವಲ್ಪ ಬೇಜಾರಾದಂತೆ ಕಂಡಿತು. "ಬ್ಯಾಟರಿಯಾ? ನಾಳೆ ಬೆಳಿಗ್ಗೆ ಏಳಕ್ಕೆ ಬಾಮ್ಮಾ, ಕೀಲಿ ಕೊಡೋ ದಿನ" ಎಂದರು.

ಹೋದೆ. ಏಣಿಯಂಥ ಕಡಿದಾದ ಮೆಟ್ಟಿಲು ಹತ್ತಿದರೆ ಒಂದು ಮರದ ಕೋಣೆ, ನಡುವೆ ಕಬ್ಬಿಣದ ಚೌಕಟ್ಟು, ಅದರೊಳಗೆ ತಟ್ಟೆಯಗಲದ ಹಿತ್ತಾಳೆ ಚಕ್ರಗಳು. ಎಣ್ಣೆಯ ವಾಸನೆ. ತೋಳುದ್ದದ ಹಿಡಿಕೆಯೊಂದನ್ನು ಸಿಕ್ಕಿಸಿ ಅವರು ತಿರುಗಿಸತೊಡಗಿದರು. ಪ್ರತಿ ಸುತ್ತಿಗೂ ಹಲ್ಲುಚಕ್ರ ಟಕ್ ಟಕ್ ಎನ್ನುತ್ತಿತ್ತು, ಉಕ್ಕಿನ ಹಗ್ಗ ಉರುಳೆಗೆ ಸುತ್ತಿಕೊಳ್ಳುತ್ತಿತ್ತು, ಕೆಳಗಿನ ಕತ್ತಲಲ್ಲಿ ಎಲ್ಲೋ ಭಾರದ ಗುಂಡು ಮೇಲೇರುತ್ತಿತ್ತು. ಆ ಗುಂಡು ವಾರವಿಡೀ ನಿಧಾನವಾಗಿ ಕೆಳಗಿಳಿಯುವುದೇ ಗಡಿಯಾರದ ಶಕ್ತಿ. ಅರ್ಧಕ್ಕೆ ನಿಲ್ಲಿಸಿ ಹಿಡಿಕೆಯನ್ನು ನನ್ನ ಕೈಗೆ ಕೊಟ್ಟರು. ಹನ್ನೆರಡು ಸುತ್ತಿಗೇ ನನ್ನ ಭುಜ ಸೋತಿತು.

ಆಮೇಲೆ ಲೋಲಕ ತೋರಿಸಿದರು. ಅದರ ಮೇಲ್ಭಾಗದ ಪುಟ್ಟ ತಟ್ಟೆಯಲ್ಲಿ ಐದಾರು ಕಬ್ಬಿಣದ ವಾಷರುಗಳಿದ್ದವು. ಗಡಿಯಾರ ಹಿಂದೆ ಬಿದ್ದರೆ ಒಂದು ವಾಷರು ಸೇರಿಸುವುದು, ಮುಂದೆ ಓಡಿದರೆ ಒಂದು ತೆಗೆಯುವುದು. ಮೇಲೆ ತೂಕ ಬಿದ್ದರೆ ಲೋಲಕದ ಭಾರದ ನಡುಬಿಂದು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ, ಲೋಲಕ ಗಿಡ್ಡವಾದಂತಾಗಿ ತುಸು ಬೇಗ ಆಡುತ್ತದೆ. ಲಂಡನ್ನಿನಲ್ಲಿ ಬಿಗ್ ಬೆನ್ ಎಂದು ಎಲ್ಲರೂ ಕರೆಯುವ ಗಡಿಯಾರದ ಲೋಲಕದ ಮೇಲೂ ಇದೇ ರೀತಿ ಹಳೆಯ ಪೆನ್ನಿ ನಾಣ್ಯಗಳನ್ನು ಇಡುತ್ತಾರೆ. ಒಂದು ನಾಣ್ಯಕ್ಕೆ ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುತ್ತದೆ. ಅಷ್ಟು ದೊಡ್ಡ ಊರಿನ ಗಡಿಯಾರಕ್ಕೂ, ಯಾರೂ ಇಳಿಯದ ಈ ಊರಿನ ಗಡಿಯಾರಕ್ಕೂ ಒಂದೇ ಮದ್ದು ಎಂದು ತಿಳಿದಾಗ ನನಗಾದ ಖುಷಿ ಇಂದಿಗೂ ಹಾಗೇ ಇದೆ.

ಬೀಗ ಹಾಕುತ್ತಿದ್ದ ಹೊತ್ತಿನಲ್ಲೇ ಅವರು ನನ್ನನ್ನು ಮೇಲೆ ಕರೆದುಕೊಂಡು ಹೋಗುತ್ತಿರಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಹೇಳಿದ ಹೊತ್ತಿಗೆ ಮರಳಿ ಬಂದದ್ದರಿಂದ ಬಾಗಿಲು ತೆರೆಯಿತು. ಆದ್ದರಿಂದ ಯಾರಾದರೂ "ನಾಳೆ ಬನ್ನಿ" ಎಂದರೆ ಅದನ್ನು ಸಾಗಹಾಕುವ ಮಾತು ಎಂದುಕೊಳ್ಳಬೇಡಿ. ನಾಳೆ ಹೋಗಿ.

ಹಂತ 8: ಮಧ್ಯಾಹ್ನದ ಬೇಸರವನ್ನು ದಾಟಿ

ಎರಡನೇ ದಿನದ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಬೇಸರ ಬಂದೇ ಬರುತ್ತದೆ. ಬೀದಿ ಖಾಲಿ, ಬಿಸಿಲೋ ಮಳೆಯೋ ಜೋರು, ಅಂಗಡಿಗಳು ಅರ್ಧ ಮುಚ್ಚಿವೆ. ಇಲ್ಲಿಗೆ ಯಾಕೆ ಬಂದೆ, ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು, ಈಗಲೇ ಹೊರಟರೆ ಸಂಜೆಯ ಬಸ್ಸು ಸಿಗುತ್ತದಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಒಬ್ಬರೇ ಇರುವಾಗ ಇದನ್ನು ಹಂಚಿಕೊಳ್ಳಲೂ ಯಾರಿಲ್ಲ. ಹೆಚ್ಚಿನವರು ಕೈಬಿಡುವುದು ಇಲ್ಲಿಯೇ.

ನಾನು ಮಾಡುವುದು ಇಷ್ಟು. ಫೋನನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿ ಇಟ್ಟು ನಲವತ್ತು ನಿಮಿಷ ಮಲಗುತ್ತೇನೆ. ಎದ್ದ ಮೇಲೆ ಊರಿನ ಸಾರ್ವಜನಿಕ ಗ್ರಂಥಾಲಯ ತೆರೆದಿದ್ದರೆ ಅಲ್ಲಿಗೆ ಹೋಗುತ್ತೇನೆ. ಅಲ್ಲಿ ಒಬ್ಬರೇ ಕೂರುವುದು ಎಲ್ಲರಿಗೂ ಸಹಜ, ಏನನ್ನೂ ಕೊಳ್ಳಬೇಕಾಗಿಲ್ಲ, ಯಾರೂ ಎಬ್ಬಿಸುವುದಿಲ್ಲ. ಸ್ಥಳೀಯ ಪತ್ರಿಕೆ ಸಿಕ್ಕರೆ ಕೊನೆಯ ಪುಟದ ಸಣ್ಣ ಪ್ರಕಟಣೆಗಳಿಂದ ಶುರು ಮಾಡಿ. ಕಳೆದುಹೋದ ಹಸು, ಮಾರಾಟಕ್ಕಿರುವ ಹೊಲಿಗೆ ಯಂತ್ರ, ನಾಳೆ ಸಂಜೆಯ ಮಕ್ಕಳ ನಾಟಕ. ನಾಟಕಕ್ಕೆ ಖಂಡಿತ ಹೋಗಿ. ಭಾಷೆ ಬಾರದಿದ್ದರೆ ಚಿತ್ರ, ಅಂಕಿ, ಜಾಹೀರಾತುಗಳಾದರೂ ಏನಾದರೂ ಹೇಳುತ್ತವೆ.

ಕೆಲವು ಸಲ ಬೇಸರದ ಅಡಿಯಲ್ಲಿ ನಿಜವಾದ ಒಂಟಿತನ ಇರುತ್ತದೆ. ಅದು ಬಂದರೆ ಮನೆಯವರಿಗೆ ಫೋನು ಮಾಡಿ ಮಾತಾಡಿ, ಅದರಲ್ಲಿ ಸೋಲೇನಿಲ್ಲ.

ಹಂತ 9: ಅದೇ ಬೀದಿ, ಬೇರೆ ಹೊತ್ತು

ಸಂಜೆ ಬೆಳಗಿನ ದಾರಿಯಲ್ಲೇ ಹಿಮ್ಮುಖವಾಗಿ ನಡೆಯಿರಿ. ಬೆಳಿಗ್ಗೆ ಬೆನ್ನ ಹಿಂದೆ ಉಳಿದಿದ್ದೆಲ್ಲ ಈಗ ಎದುರಿಗೆ ಬರುತ್ತದೆ, ಬೆಳಕೂ ಇನ್ನೊಂದು ಕಡೆಯಿಂದ ಬೀಳುತ್ತದೆ. ಸೂರ್ಯ ದಿಗಂತದಿಂದ ಆರು ಡಿಗ್ರಿಯಷ್ಟು ಎತ್ತರಕ್ಕೆ ಇಳಿದ ಮೇಲೆ ಬೆಳಕು ಹೊನ್ನಾಗುತ್ತದೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಸೂರ್ಯ ನೆಟ್ಟಗೆ ಇಳಿಯುವುದರಿಂದ ಈ ಬೆಳಕು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಫೋಟೋ ತೆಗೆಯುವುದಿದ್ದರೆ ಈ ಹೊತ್ತಿಗೆ ತೆಗೆಯಿರಿ. ಜನರ ಮುಖ ಬೇಕಿದ್ದರೆ ಮೊದಲು ಕೇಳಿ, ಬೇಡವೆಂದರೆ ಕ್ಯಾಮೆರಾ ಪೂರ್ತಿ ಒಳಗಿಡಿ.

ಬದಲಾಗುವುದು ಬೆಳಕೊಂದೇ ಆಗಿದ್ದರೆ ನಾನು ಇಷ್ಟು ಒತ್ತಾಯ ಮಾಡುತ್ತಿರಲಿಲ್ಲ. ಮನೋವಿಜ್ಞಾನಿ ರಾಬರ್ಟ್ ಝಾಯೊಂಟ್ಸ್ 1968ರಲ್ಲಿ ತೋರಿಸಿದ ಹಾಗೆ, ಒಂದು ಮುಖವನ್ನೋ ಅರ್ಥವೇ ಇಲ್ಲದ ಒಂದು ಪದವನ್ನೋ ಮತ್ತೆ ಮತ್ತೆ ಕಂಡರೆ ಸಾಕು, ಅದರ ಮೇಲೆ ನಮಗೆ ಒಲವು ಬೆಳೆಯುತ್ತದೆ. ಇದು ಎರಡೂ ಕಡೆಯಿಂದ ನಡೆಯುತ್ತದೆ. ನಿಮಗೆ ಬೀದಿ ಹತ್ತಿರವಾದಂತೆ ಬೀದಿಗೆ ನೀವೂ ಹತ್ತಿರವಾಗುತ್ತೀರಿ. ದಿನವೂ ಕಾಣುವ, ಎಂದೂ ಮಾತಾಡದ ಮನುಷ್ಯರನ್ನು ಇನ್ನೊಬ್ಬ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್ಗ್ರಾಂ 1970ರ ದಶಕದ ಆರಂಭದಲ್ಲಿ "ಪರಿಚಿತ ಅಪರಿಚಿತರು" ಎಂದು ಕರೆದರು. ಮಹಾನಗರದಲ್ಲಿ ಅವರು ವರ್ಷಗಟ್ಟಲೆ ಹಾಗೆಯೇ ಉಳಿಯುತ್ತಾರೆ. ಸಣ್ಣ ಊರಿನಲ್ಲಿ ಮಾತ್ರ ಬೆಳಿಗ್ಗೆ ಕಂಡವರು ಸಂಜೆ ತಲೆಯಾಡಿಸುತ್ತಾರೆ, ಮರುದಿನ ಹೆಸರು ಕೇಳುತ್ತಾರೆ.

ಹಂತ 10: ಒಬ್ಬರೇ ಇರುವಾಗಿನ ಎಚ್ಚರ

ಕೊನೆಯಲ್ಲಿ ಹೇಳುತ್ತಿದ್ದೇನೆಂದು ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ.

ಎಲ್ಲಿ ಉಳಿದಿದ್ದೀರಿ, ಯಾವಾಗ ಹೊರಡುತ್ತೀರಿ ಎಂದು ಒಬ್ಬರಿಗಾದರೂ ಮೊದಲೇ ತಿಳಿಸಿರಿ, ದಿನಕ್ಕೊಂದು ಹೊತ್ತು ಗೊತ್ತುಮಾಡಿಕೊಂಡು ಸಂದೇಶ ಕಳಿಸಿ. ಕೊನೆಯ ಬಸ್ಸಿನ ಸಮಯವನ್ನು ನಿಲ್ದಾಣದಲ್ಲೇ ಇಬ್ಬರು ಬೇರೆ ಬೇರೆ ಜನರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಣ್ಣ ಊರುಗಳ ವೇಳಾಪಟ್ಟಿ ಇಂಟರ್ನೆಟ್ಟಿನಲ್ಲಿ ಒಂದು ಥರ, ನೆಲದ ಮೇಲೆ ಇನ್ನೊಂದು ಥರ ಇರುತ್ತದೆ. ಒಂದಿಷ್ಟು ನಗದು ಎರಡು ಕಡೆ ಹಂಚಿ ಇಡಿ. ಗುರುತಿನ ಚೀಟಿಯ ಪ್ರತಿ ಬೇರೆ ಚೀಲದಲ್ಲಿರಲಿ. ಸ್ಥಳೀಯ ತುರ್ತು ಸಂಖ್ಯೆ ತಿಳಿದಿರಲಿ, ಬಹಳಷ್ಟು ದೇಶಗಳಲ್ಲಿ ಮೊಬೈಲಿನಿಂದ 112ಕ್ಕೆ ಕರೆ ಮಾಡಿದರೆ ತುರ್ತು ಸೇವೆ ಸಿಗುತ್ತದೆ.

ಯಾವ ಕೋಣೆಯಲ್ಲಿ ಉಳಿದಿದ್ದೀರಿ ಎಂದು ಹೊಸಬರಿಗೆ ಹೇಳುವ ಅಗತ್ಯವಿಲ್ಲ. "ಒಬ್ಬರೇ ಬಂದಿದ್ದೀರಾ?" ಎಂಬ ಪ್ರಶ್ನೆ ಬಹುಪಾಲು ಅಕ್ಕರೆಯದ್ದೇ, ಆದರೂ "ನಾಳೆ ಗೆಳತಿ ಬರುತ್ತಾಳೆ" ಎಂದರೆ ತಪ್ಪಿಲ್ಲ. ಗಡಿಯಾರದ ಗೋಪುರ ಹತ್ತುವ ಮುಂಚೆ ನಾನು ಎದುರಿನ ಅಂಗಡಿಯ ಹೆಂಗಸಿಗೆ "ಮೇಲೆ ಹೋಗಿ ಬರ್ತೀನಿ" ಎಂದು ಹೇಳಿಯೇ ಹೋಗಿದ್ದೆ. ಒಳ್ಳೆಯವರು ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ. ಯಾರಾದರೂ ಆತುರಪಡಿಸಿದರೆ, ಒಂದು ಸಲ ಬೇಡವೆಂದದ್ದನ್ನು ಮತ್ತೆ ಕೇಳಿದರೆ, ಎದ್ದು ಜನ ಇರುವ ಕಡೆಗೆ ನಡೆಯಿರಿ. ಕಾರಣ ಹೇಳುವ ಹಂಗು ನಿಮಗಿಲ್ಲ.

ಹಂತ 11: ಹೊರಡುವ ದಿನ

ಬಸ್ಸಿಗೆ ಒಂದು ಗಂಟೆ ಮುಂಚೆ ಕೋಣೆ ಬಿಡಿ, ಚೌಕದ ಮೂಲಕವೇ ಹೋಗಿ. ಮಾತಾಡಿಸಿದವರಿಗೆ ಹೊರಟೆ ಎಂದು ಹೇಳಿ. ಎರಡು ದಿನದ ಪರಿಚಯಕ್ಕೆ ಅಷ್ಟೇ ಸಾಕು, ಅದನ್ನು ಬಿಟ್ಟರೆ ಮಾತ್ರ ಏನೋ ಉಳಿದುಹೋದಂತಾಗುತ್ತದೆ. ಕಾಯುವಾಗ ನೋಟ್‌ಬುಕ್ ತೆಗೆದು ನೀವು ಕಂಡ ಹತ್ತು ಸಂಗತಿಗಳನ್ನು ಬರೆದಿಡಿ. ಮನೆಗೆ ಹೋಗಿ ಬರೆಯುತ್ತೇನೆ ಎಂದರೆ ಏಳನೆಯದರಿಂದ ಮರೆತಿರುತ್ತದೆ.

ಫೋಟೋ ಕಳಿಸುತ್ತೇನೆಂದು ಯಾರಿಗಾದರೂ ಮಾತು ಕೊಟ್ಟಿದ್ದರೆ ವಾರದೊಳಗೆ ಕಳಿಸಿ, ಆಗದಿದ್ದರೆ ಮಾತು ಕೊಡಬೇಡಿ. ಕಾಗದದ ಮೇಲೆ ಮುದ್ರಿಸಿ ಅಂಚೆಯಲ್ಲಿ ಕಳಿಸಿದರೆ ಇನ್ನೂ ಚೆನ್ನ, ಗೋಡೆಯ ಮೇಲೆ ಅಂಟಿಸಬಹುದು. ಗಡಿಯಾರದವರ ವಿಳಾಸ ಕೇಳಿದಾಗ ಅವರು ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರು, ಅದರ ಕೆಳಗೆ "ಗಡಿಯಾರ ಗೋಪುರ", ಅದರ ಕೆಳಗೆ ಊರಿನ ಹೆಸರು ಬರೆದು ಕೊಟ್ಟರು. ಮನೆ ಸಂಖ್ಯೆ, ಬೀದಿ ಏನೂ ಇರಲಿಲ್ಲ. ಲೋಲಕದ ಮೇಲಿನ ವಾಷರುಗಳ ಚಿತ್ರವನ್ನು ಆ ವಿಳಾಸಕ್ಕೇ ಹಾಕಿದೆ. ಹದಿನೈದು ದಿನ ಬಿಟ್ಟು ಉತ್ತರ ಬಂತು: ಒಂದು ವಾಷರು ತೆಗೆದಿದ್ದೇನೆ, ಈಗ ಸರಿಯಾಗಿ ಓಡುತ್ತಿದೆ.